ಯುಕೆಜಿಯಲ್ಲೇ ಉಳಿದ ಪುಟ್ಟಿ

ಮಾತಾಡದೆ ಇರಬಲ್ಲವರನ್ನು ಕಂಡರೆ ನನಗೆ ಗೌರವವಿದೆ, ಜೊತೆಗೆ ಒಂದಿಷ್ಟು ಹೊಟ್ಟೆಕಿಚ್ಚೂ ಇದೆ. ನಾನು ಹುಟ್ಟಿದ್ದು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಲ್ಲಿ. ನಮ್ಮಮ್ಮ ಹೇಳುವ ಪ್ರಕಾರ ನನಗೆ ನಡಿಗೆಗಿಂತ ಮೊದಲು ಮಾತು ಬಂತು. ಆಮೇಲೆ ನಡಿಗೆ ಕಲಿತದ್ದೂ ಪಕ್ಕದ ಮನೆಗೆ ಹೋಗಿ ಮಾತಾಡುವ ಸಲುವಾಗಿಯೇ. ‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು’ ಎಂದು ಅವಳು ದಿನಕ್ಕೆರಡು ಸಲವಾದರೂ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಒಡೆಯಲು ಮುತ್ತು ಇರಲಿಲ್ಲವಾದ್ದರಿಂದ ಗಾದೆಯ ಎರಡನೆಯ ಅರ್ಧವನ್ನು ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ಮೊದಲನೆಯ ಅರ್ಧ ಅರ್ಥವಾಗಲು ಮೂವತ್ತೆರಡು ವರ್ಷ ಹಿಡಿಯಿತು. ಅದು ಅರ್ಥವಾದ ಬಗೆಯನ್ನೇ ಈಗ ನಿಮಗೆ ಹೇಳಹೊರಟಿದ್ದೇನೆ. ನಗು ಬಂದರೆ ಸಂಕೋಚವಿಲ್ಲದೆ ನಗಿ. ಅವತ್ತು ನಾನೂ ನಕ್ಕಿದ್ದೆ, ಅನರ್ಥ ಶುರುವಾದದ್ದೇ ಅಲ್ಲಿಂದ.

ಇಂಥ ನನ್ನನ್ನು ಕಟ್ಟಿಕೊಂಡವರು ಬಿಡದಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ಹೆಣ್ಣು ನೋಡಲು ಬಂದಾಗ ‘ಹುಡುಗನಿಗೆ ಶಿಫ್ಟ್ ಇದೆ’ ಎಂದಿದ್ದರು. ಅದೂ ಒಂದು ಸೌಲಭ್ಯವಿರಬೇಕೆಂದು ನಮ್ಮ ಮನೆಯವರು ಸಂತೋಷಪಟ್ಟಿದ್ದರು. ಮದುವೆಯಾದ ಮೇಲೆ ತಿಳಿಯಿತು, ವಾರ ಬಿಟ್ಟು ವಾರ ರಾತ್ರಿ ದುಡಿದು ಬಂದವರು ಬೆಳಿಗ್ಗೆ ತಿಂಡಿ ತಿಂದು ಮಲಗಿದರೆ ಸಂಜೆ ನಾಲ್ಕರವರೆಗೆ ಮನೆಯಲ್ಲಿ ಸೂಜಿ ಬಿದ್ದ ಸದ್ದೂ ಆಗಬಾರದೆಂದು. ನಮ್ಮ ಮನೆ ಮಾತ್ರವಲ್ಲ, ನಾವಿದ್ದ ಬೀದಿಯೇ ಹಾಗೆ. ಪ್ರತಿ ಮನೆಯಲ್ಲೂ ಒಬ್ಬ ಗಂಡಸು ಹಗಲು ಹೊತ್ತು ಕಿಟಕಿಗೆ ಕಂಬಳಿ ಕಟ್ಟಿಕೊಂಡು ಮಲಗಿರುತ್ತಿದ್ದ. ಒಮ್ಮೆ ಹೊಸದಾಗಿ ಬಂದ ಸೊಪ್ಪಿನವನು ‘ದಂಟೂ... ಕೀರೆ...’ ಎಂದು ದನಿ ಎತ್ತಿದ್ದಕ್ಕೆ ಮೂರು ಮನೆಗಳಿಂದ ಮೂವರು ಲುಂಗಿ ಕಟ್ಟಿಕೊಳ್ಳುತ್ತಾ ಆಚೆ ಬಂದಿದ್ದರು. ಅಂದಿನಿಂದ ಅವನು ಗೇಟಿನ ಹತ್ತಿರ ಬಂದು ಮೆಲ್ಲನೆ ಕೆಮ್ಮಿ ನಿಲ್ಲುತ್ತಿದ್ದ, ಸಾಲ ಕೇಳಲು ಬಂದ ನೆಂಟನಂತೆ. ಕುಕ್ಕರ್ ಬುಸುಗುಡಲು ಶುರುಮಾಡಿದ ಕೂಡಲೇ, ವಿಷಲ್ ಬಾಯಿ ತೆರೆಯುವುದಕ್ಕೆ ಮುಂಚೆ ನಾನು ಓಡಿ ಇಳಿಸಬೇಕಿತ್ತು. ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಬೇಳೆ ಸರಿಯಾಗಿ ಬೆಂದೇ ಇಲ್ಲ.

ಮಿಕ್ಸಿ ಹಾಕುವ ಮಾತಂತೂ ಬಿಡಿ. ಚಟ್ನಿಗೆ ಬೇಕಾದದ್ದನ್ನೆಲ್ಲ ತಟ್ಟೆಯಲ್ಲಿಟ್ಟುಕೊಂಡು ಮನೆ ಮಾಲೀಕರ ತಾಯಿ ಗೌರಮ್ಮನವರ ಮನೆಗೆ ಹೋಗುತ್ತಿದ್ದೆ. ಅಜ್ಜಿ ಬೈರಾಪಟ್ಟಣದ ಕಡೆಯವರು, ಮದುವೆಯಾಗಿ ಇಲ್ಲಿಗೆ ಬಂದವರು. ಹೊಲವೆಲ್ಲ ಕಾರ್ಖಾನೆಗೆ ಹೋಗಿ ಮಗ ನಾಲ್ಕು ಬಾಡಿಗೆ ಮನೆ ಕಟ್ಟಿಸಿದ ಮೇಲೆ ಆ ಕೈಗಳಿಗೆ ಮಾಡಲು ಏನೂ ಉಳಿದಿರಲಿಲ್ಲ. ಸೊಸೆ ಒಲೆಯ ಹತ್ತಿರ ಬಿಡುತ್ತಿರಲಿಲ್ಲ, ಹಿತ್ತಿಲಿನಲ್ಲಿ ಇದ್ದದ್ದು ಒಂದು ದೊಡ್ಡಪತ್ರೆ ಗಿಡ. ಚಟ್ನಿ ರುಬ್ಬುವ ಐದು ನಿಮಿಷಕ್ಕೆ ಹೋದವಳನ್ನು ಅವರು ಒಂದು ಗಂಟೆ ಕೂರಿಸಿಕೊಳ್ಳುತ್ತಿದ್ದರು. ಆದರೆ ಆ ಒಂದು ಗಂಟೆ ನನ್ನಂಥವಳಿಗೆ ಯಾವ ಮೂಲೆಗೆ?

ಅಷ್ಟರಲ್ಲಿ ಮನೆಗೆ ಕಂಪ್ಯೂಟರ್ ಬಂತು. ಯಾರೋ ಸಹೋದ್ಯೋಗಿ ಹೊಸದು ತೆಗೆದುಕೊಂಡು ಹಳೆಯದನ್ನು ನಮ್ಮವರಿಗೆ ದಾಟಿಸಿದ್ದ. ಮಗಳು ಸಿಂಚನಾ ಇಂಗ್ಲಿಷ್ ಕಲಿಯಲಿ ಎಂಬುದು ಅವರ ಉದ್ದೇಶ. ಅವಳು ಶಾಲೆಗೆ ಹೋದ ಮೇಲೆ ಅದರ ಮುಂದೆ ಕೂತವಳು ನಾನು. ಹೀಗೆ ತಡಕಾಡುತ್ತಾ ಒಂದು ದಿನ ‘ಅಮ್ಮಂದಿರ ಜಗಲಿ’ ಎಂಬ ಗುಂಪು ಸಿಕ್ಕಿತು. ಎಲ್ಲೆಲ್ಲಿಯವರೋ ತಾಯಂದಿರು ಸೇರಿಕೊಂಡು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾ ಬೆಳಗಿಂದ ಸಂಜೆಯವರೆಗೆ ಹರಟುವ ಜಾಗ. ನನಗೆ ಕಣ್ಣಲ್ಲಿ ನೀರೇ ಬಂತು. ಸದ್ದಿಲ್ಲದೆ ಮಾತಾಡುವ ಉಪಾಯವನ್ನು ಯಾರೋ ಪುಣ್ಯಾತ್ಮರು ಕಂಡುಹಿಡಿದಿದ್ದರು!

ಪೂರಾ ಸದ್ದಿಲ್ಲದೆ ಅಂತಲ್ಲ. ಎರಡನೆಯ ದಿನವೇ ಒಳಗಿನ ಕೋಣೆಯಿಂದ ಯಜಮಾನರ ನಿದ್ದೆಗಣ್ಣಿನ ದನಿ ಬಂತು. “ಏನೇ ಅದು ಟಕಟಕ ಅಂತ? ಇಲಿ ಸೇರ್ಕಂಡೈತಾ?”

“ಹೂಂ ಕಣ್ರೀ, ಇಲಿನೇ ಇರ್ಬೇಕು,” ಎಂದುಬಿಟ್ಟೆ. ಪಾಪ, ಸಂಜೆ ಎದ್ದವರೇ ಪೇಟೆಗೆ ಹೋಗಿ ಇಲಿಬೋನು ತಂದರು. ಅದರೊಳಗೆ ಇಡುವ ಬೋಂಡಾವನ್ನು ದಿನವೂ ನಾನೇ ತಿನ್ನುತ್ತಿದ್ದೆ. ಆಮೇಲೆ ಕೀಬೋರ್ಡಿನ ಮೇಲೆ ದಪ್ಪ ಟವೆಲ್ ಹೊದಿಸಿ, ಅದರೊಳಗೆ ಎರಡೂ ಕೈ ತೂರಿಸಿ, ಅಕ್ಷರಗಳನ್ನು ನೋಡದೆಯೇ ಬರೆಯುವುದನ್ನು ಅಭ್ಯಾಸ ಮಾಡಿಕೊಂಡೆ. ಕರೆಂಟು ಹೋದಾಗ ಮಾತ್ರ ಕೆಳಗಿಟ್ಟ ಯುಪಿಎಸ್ಸು ಕೀರಲಾಗಿ ಕೂಗಿಕೊಳ್ಳುತ್ತಿತ್ತು. ಅದರ ಬಾಯಿ ಮುಚ್ಚಿಸಲು ಮೇಜಿನಡಿ ನುಗ್ಗಿ ಎಷ್ಟು ಸಲ ತಲೆ ಕುಟ್ಟಿಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಜಗಲಿಯಲ್ಲಿ ಒಂದು ಪದ್ಧತಿಯಿತ್ತು. ಒಳಗೆ ಕಾಲಿಟ್ಟೊಡನೆ ನಮ್ಮ ಹೆಸರು ಹೋಗಿ ಮಕ್ಕಳ ಹೆಸರು ಬರುತ್ತಿತ್ತು. ನಾನು ಸಿಂಚನಾ ಅಮ್ಮ. ಗುಂಪಿಗೆ ಹಿರಿತಲೆಯಂತಿದ್ದವರು ಆದಿತ್ಯನ ಅಮ್ಮ. ಯಾವ ಮಗುವಿಗೆ ಎಷ್ಟು ಅಂಕ ಬಂತೆಂದು ಆ ಮಗುವಿನ ತಾಯಿಗಿಂತ ಚೆನ್ನಾಗಿ ನೆನಪಿಡುವವರು. ಇನ್ನೊಂದು ಪದ್ಧತಿಯನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರೂ ಪಾಲಿಸುತ್ತಿದ್ದರು. ಅದೆಂದರೆ ಹದವಾಗಿ ಸುಳ್ಳು ಹೇಳುವುದು. ನಮ್ಮ ಗುಂಪಿನಲ್ಲಿ ಯಾವ ಮಗುವಿನ ತಲೆಯಲ್ಲೂ ಹೇನಿರಲಿಲ್ಲ. ಎಲ್ಲ ಮಕ್ಕಳೂ ಹಾಲನ್ನು ಒಂದೇ ಗುಟುಕಿಗೆ ಕುಡಿಯುತ್ತಿದ್ದವು. ಯಾವ ತಾಯಿಯೂ ಮಗುವಿನ ಬೆನ್ನಿಗೆ ಗುದ್ದಿದವಳಲ್ಲ. ‘ನೀವು ಎಲ್ಲಿರೋದು?’ ಎಂದು ಕೇಳಿದಾಗ ನಾನು ‘ಬೆಂಗಳೂರು, ಮೈಸೂರು ರೋಡ್’ ಎಂದು ಬರೆದಿದ್ದೆ. ಮೈಸೂರು ರಸ್ತೆಯೇನೋ ನಿಜ, ಬೆಂಗಳೂರು ಅದೇ ರಸ್ತೆಯಲ್ಲಿ ಒಂದು ಗಂಟೆ ದೂರದಲ್ಲಿತ್ತು ಅಷ್ಟೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಪಟ್ಟ ಪಾಡನ್ನು ನಾನು ಎಷ್ಟು ಮನಮುಟ್ಟುವಂತೆ ಬರೆಯುತ್ತಿದ್ದೆನೆಂದರೆ ಓದಿದವರು ನನಗೆ ತಲೆನೋವಿಗೆ ಔಷಧಿ ಹೇಳುತ್ತಿದ್ದರು.

ಪುಟ್ಟಿ ಅಮ್ಮ ಪರಿಚಯವಾದದ್ದು ಈ ಜಗಲಿಯಲ್ಲೇ. ಅವರ ಪುಟ್ಟಿಯೂ ನಮ್ಮ ಸಿಂಚನಾಳ ಹಾಗೆ ಆ ಜೂನ್ ತಿಂಗಳು ಯುಕೆಜಿಗೆ ಸೇರಿದ್ದಳು. ಅವರು ಅಲ್ಲಿ, ನಾನು ಇಲ್ಲಿ, ಇಬ್ಬರೂ ಒಟ್ಟಿಗೇ ಪುಸ್ತಕಗಳಿಗೆ ಕಂದು ಕಾಗದದ ರಟ್ಟು ಹಾಕಿದೆವು, ಒಟ್ಟಿಗೇ ಟಿಫನ್ ಡಬ್ಬಿಗೆ ಏನು ಹಾಕುವುದೆಂದು ತಲೆ ಕೆಡಿಸಿಕೊಂಡೆವು. ಗುಂಪಿನಲ್ಲಿ ಎಲ್ಲರ ಮುಂದೆ ಆಡಲಾಗದ ಮಾತುಗಳನ್ನು ನಾವಿಬ್ಬರೇ ಪ್ರತ್ಯೇಕವಾಗಿ ಮೇಲ್ ಬರೆದುಕೊಳ್ಳುತ್ತಿದ್ದೆವು. ಅವರು ಕಡಿಮೆ ಮಾತಿನವರು. ನಾನು ಹತ್ತು ಬರೆದರೆ ಅವರದು ಒಂದು. ಊರಿನಿಂದ ಬಂದಾಗಲೆಲ್ಲ ನನ್ನ ಅತ್ತೆ ಆಡುವ ಮಾತು, ನನ್ನ ಬೇಯದ ಬೇಳೆ, ನನಗೆ ಮಧ್ಯಾಹ್ನದ ಹೊತ್ತು ಸುಮ್ಮಸುಮ್ಮನೆ ಬರುವ ಅಳು, ಎಲ್ಲವನ್ನೂ ಓದಿ ಅವರು ‘ಆಮೇಲೆ?’ ಎಂದು ಕೇಳುತ್ತಿದ್ದರು. ‘ಆಮೇಲೆ?’ ಎಂದು ಕೇಳುವವರು ಒಬ್ಬರಿದ್ದರೆ ಮನುಷ್ಯ ಎಂಥ ಊರಿನಲ್ಲಾದರೂ ಬದುಕಿಕೊಳ್ಳುತ್ತಾನೆ. ನನಗೆ ಆ ಬೀದಿಯಲ್ಲಿ, ಆ ತಾಲ್ಲೂಕಿನಲ್ಲಿ ಅಂಥ ಇನ್ನೊಬ್ಬರು ಇರಲಿಲ್ಲ. ಅವರ ಊರು ಯಾವುದೆಂದು ಕೇಳಿದ್ದಕ್ಕೆ ಅವರೂ ಬೆಂಗಳೂರು ಎಂದಿದ್ದರು. ಆದರೆ ನಮ್ಮಲ್ಲಿ ಕರೆಂಟು ಹೋಗುವ ಹೊತ್ತಿಗೆ ಸರಿಯಾಗಿ ಅವರಲ್ಲೂ ಹೋಗುತ್ತಿತ್ತು. ನಾನು ಅದರ ಬಗ್ಗೆ ಏನೂ ಕೇಳಲಿಲ್ಲ, ನನ್ನ ಬೆಂಗಳೂರೂ ಗಟ್ಟಿಯಾದದ್ದಲ್ಲವಲ್ಲ.

ಆ ವರ್ಷದ ಮಳೆಗಾಲದಲ್ಲಿ ಗುಂಪಿನ ಮಕ್ಕಳಿಗೆಲ್ಲ ಕೆಮ್ಮು ಹಿಡಿಯಿತು, ಪುಟ್ಟಿಗೂ ಹಿಡಿಯಿತು. ಮಿಕ್ಕವರದು ವಾರದಲ್ಲಿ ಹೋದರೂ ಪುಟ್ಟಿಯದು ಹೋಗಲೊಲ್ಲದು. ಚಟ್ನಿ ರುಬ್ಬುತ್ತಾ ನಾನು ಇದನ್ನು ಗೌರಮ್ಮಜ್ಜಿಗೆ ಹೇಳಿದೆ. ಅಜ್ಜಿಗೆ ಕೈತುಂಬ ಕೆಲಸ ಸಿಕ್ಕಂತಾಯಿತು.

“ದೊಡ್ಡಪತ್ರೆ ಎಲೆ ಒಸಿ ಬಾಡಿಸ್ಬುಟ್ಟು ರಸ ಹಿಂಡಿ ಜೇನ್ತುಪ್ಪದಾಗೆ ನೆಕ್ಕುಸ್ಲಿ ಅನ್ನವ್ವ. ವೀಳ್ಯದೆಲೆಗೆ ಅಳ್ಳೆಣ್ಣೆ ಸವ್ರಿ, ಬಿಸಿ ಮಾಡಿ ಎದೆ ಮ್ಯಾಲೆ ಆಕ್ಲಿ. ಬರಿ ಇಂಗ್ಲೀಸ್ ಅವಸ್ದಿ ಕುಡ್ಸಿ ಕುಡ್ಸಿ ಮಗೀನ ಒಣಗುಸ್ಬುಟ್ಟವ್ಳೇನೋ!”

ನಾನು ಬರೆದೆ. ಪುಟ್ಟಿ ಅಮ್ಮ ಮಾಡಿ ನೋಡುತ್ತೇನೆಂದರು. ಮರುದಿನ ಅಜ್ಜಿ ನಾನು ಹೋಗುವುದಕ್ಕೆ ಮುಂಚೆಯೇ ಬಾಗಿಲಲ್ಲಿ ನಿಂತಿದ್ದರು, “ಮಗ ರಾತ್ರಿ ಮಲಿಕಂತಂತಾ?” ಹೀಗೇ ಎರಡು ವಾರ ನಡೆಯಿತು. ಕೊನೆಗೊಂದು ಮಂಗಳವಾರ ಅಜ್ಜಿ ಅರಿಶಿನದ ಬಟ್ಟೆಯಲ್ಲಿ ಮುಡುಪು ಕಟ್ಟಿ, ‘ತಾಯಿ ಮಾರಮ್ಮ, ಆ ಮಗೀನ ಕೆಮ್ಮು ಬುಡುಸು, ತಂಬಿಟ್ಟಿನಾರ್ತಿ ತತ್ತೀನಿ’ ಎಂದು ಹರಕೆ ಹೊತ್ತುಕೊಂಡರು. ಇದನ್ನು ಬರೆದ ಮೇಲೆ ಆ ಕಡೆಯಿಂದ ಒಂದು ದಿನ ಉತ್ತರವಿರಲಿಲ್ಲ. ಮರುದಿನ ‘ಪುಟ್ಟಿಗೆ ಪೂರ್ತಿ ವಾಸಿಯಾಗಿದೆ, ಅಜ್ಜಿಗೆ ನಮಸ್ಕಾರ ಹೇಳಿ’ ಎಂದು ಬಂತು. ಅಜ್ಜಿಯ ಸಂಭ್ರಮ ಹೇಳತೀರದು. ತಾಯಿ ಮಗಳು ಬರಲಿ, ತಾಯಿಯ ಕೈಯಲ್ಲೇ ಆರತಿ ಎತ್ತಿಸಬೇಕು ಎಂದು ಹಟ ಹಿಡಿದರು. ಪುಟ್ಟಿ ಅಮ್ಮ ದಸರಾ ರಜೆಗೆ ಬರುತ್ತೇವೆಂದರು, ಆಮೇಲೆ ಬೇಸಿಗೆ ರಜೆಗೆ ಎಂದರು. ಅಜ್ಜಿ ಕಾದರು.

ಮತ್ತೆ ಜೂನ್ ಬಂತು. ಶಾಲೆಗಳು ಶುರುವಾದವು. ಜಗಲಿಯಲ್ಲಿ ಅಂದು ಹಬ್ಬ. ಆದಿತ್ಯ ಮೂರನೆಯ ಕ್ಲಾಸು, ಸಿಂಚನಾ ಒಂದನೆಯ ಕ್ಲಾಸು, ಹೀಗೆ ಒಬ್ಬೊಬ್ಬರೇ ಬಡ್ತಿಯ ಸುದ್ದಿ ಬರೆದರು. ಪುಟ್ಟಿ ಅಮ್ಮ ಬರೆದರು, ‘ಪುಟ್ಟಿ ಯುಕೆಜಿ. ಗುಲಾಬಿ ಬಣ್ಣದ ಬ್ಯಾಗ್ ಬೇಕು ಅಂತ ಹಟ ಮಾಡಿ ತೆಗೆಸಿಕೊಂಡಳು.’

ನನ್ನ ತಲೆಯಲ್ಲಿ ದೀಪ ಹತ್ತಿಕೊಂಡಿತು. ಹೋದ ವರ್ಷವೂ ಯುಕೆಜಿಯಲ್ಲವೇ? ನಾವಿಬ್ಬರೂ ಕೂಡಿ ರಟ್ಟು ಹಾಕಿರಲಿಲ್ಲವೇ? ಆ ಕ್ಷಣದಲ್ಲಿ ಒಬ್ಬ ಒಳ್ಳೆಯ ಸ್ನೇಹಿತೆ ಏನು ಮಾಡಬೇಕಿತ್ತೆಂದು ನನಗೆ ಈಗ ಗೊತ್ತು. ಸುಮ್ಮನಿರಬೇಕಿತ್ತು, ಇಲ್ಲವೇ ಗುಟ್ಟಾಗಿ ಕೇಳಬೇಕಿತ್ತು. ಆದರೆ ಬೆಳಗಿಂದ ನನಗೆ ಯಾರ ಜೊತೆಯೂ ಮಾತಿಲ್ಲ, ಬಾಯಿ ತುರಿಸುತ್ತಿತ್ತು, ಜಗಲಿಯಲ್ಲಿ ಅಷ್ಟೂ ಜನ ಸೇರಿದ್ದರು. ಟವೆಲ್ಲಿನೊಳಗೆ ಕೈ ತೂರಿಸಿ ಎಲ್ಲರಿಗೂ ಕಾಣುವಂತೆ ಬರೆದೆ: ‘ಏನ್ರೀ ಪುಟ್ಟಿ ಅಮ್ಮ, ನಿಮ್ಮ ಪುಟ್ಟಿ ಯುಕೆಜಿಲೇ ಫೇಲಾದ್ಲಾ? ಇಲ್ಲಾ ಅಲ್ಲೇ ಟೀಚರ್ ಆಗಿ ಸೇರ್ಕೊಂಡ್ಲಾ?’

ನಗುವ ಮುಖಗಳು ಸಾಲುಸಾಲಾಗಿ ಬಂದು ಬಿದ್ದವು. ಒಬ್ಬರು ‘ಹೊಟ್ಟೆ ಹುಣ್ಣಾಯ್ತು’ ಎಂದರು. ಸಾಮಾನ್ಯವಾಗಿ ಯಾರನ್ನೂ ಹೊಗಳದ ಆದಿತ್ಯನ ಅಮ್ಮನೇ ‘ಸಿಂಚನಾ ಅಮ್ಮ, ನಿಮ್ಮ ತಮಾಷೆಗೆ ಸಾಟಿಯಿಲ್ಲ’ ಎಂದು ಬರೆದರು. ನಾನು ಉಬ್ಬಿಹೋದೆ. ಆ ಮಧ್ಯಾಹ್ನವೆಲ್ಲ ಒಬ್ಬಳೇ ಕಿಸಕಿಸನೆ ನಗುತ್ತಾ ಓಡಾಡಿದೆ. ಸಂಜೆ ಎದ್ದ ಯಜಮಾನರಿಗೂ ಹೇಳಿ ನಗಿಸಲು ನೋಡಿದೆ, ಅವರು ಆಕಳಿಸಿದರು.

ಪುಟ್ಟಿ ಅಮ್ಮ ಅಂದು ಮತ್ತೆ ಬರೆಯಲಿಲ್ಲ. ಮರುದಿನವೂ ಇಲ್ಲ. ಕೋಪ ಬಂದಿರಬೇಕು, ಎರಡು ದಿನದಲ್ಲಿ ಇಳಿಯುತ್ತದೆ ಎಂದುಕೊಂಡೆ. ಮೂರನೆಯ ದಿನ ಅವರ ಮೇಲ್ ಬಂತು. ಅದರಲ್ಲಿ ಇದ್ದದ್ದು ಇಷ್ಟು: ‘ಸಿಂಚನಾ ಅಮ್ಮ, ನೀವು ಕೇಳಿದ್ದು ಸರಿ. ಪುಟ್ಟಿ ಇಲ್ಲ. ನಮಗೆ ಮಕ್ಕಳಾಗಲಿಲ್ಲ. ಸುಮ್ಮನೆ ಓದೋಣ ಅಂತ ಒಳಗೆ ಬಂದಿದ್ದೆ, ಮಗು ಹೆಸರು ಕೇಳಿದರು, ಏನೋ ಒಂದು ಬರೆದೆ. ಬೇರೆಯವರಿಗೆ ಹೇಳಬೇಡಿ. ಅಜ್ಜಿಗೆ ಹರಕೆ ಬೇಡ ಅಂತ ಹೇಳಿ, ಪಾಪ.’

ಕುಕ್ಕರ್ ಕೂಗಿತು, ಒಳಗಿನಿಂದ ಬೈಗುಳ ಬಂತು, ನನಗೆ ಏಳಲಾಗಲಿಲ್ಲ. ಒಂದು ಮಾತು ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿತ್ತು. ನಿಜವಾಗಿ ಮಗುವಿದ್ದ ಯಾವ ತಾಯಿಯಾದರೂ ನನ್ನ ಪ್ರಶ್ನೆಗೆ ಅರೆಗಳಿಗೆಯಲ್ಲಿ ಉತ್ತರ ಹೇಳಿಬಿಡುತ್ತಿದ್ದಳು. ‘ವಯಸ್ಸು ಸಾಲದು ಅಂತ ಶಾಲೆಯವರು ಇನ್ನೊಂದು ವರ್ಷ ಕೂರಿಸಿದರು’ ಎಂದರೆ ಮುಗಿಯುತ್ತಿತ್ತು. ನಮ್ಮ ಬೀದಿಯಲ್ಲೇ ಹಾಗೆ ಕೂತ ಮಕ್ಕಳು ಎರಡಿದ್ದವು. ಶಾಲೆಯ ಬಾಗಿಲಿಗೆ ಹೋಗಿ ನಿಂತವರಿಗೆ ಗೊತ್ತಿರುವ ಮಾತು ಅದು. ಪುಟ್ಟಿ ಅಮ್ಮನಿಗೆ ಅದು ಹೊಳೆಯಲಿಲ್ಲ. ಇರುವ ಮಕ್ಕಳು ತಮ್ಮಷ್ಟಕ್ಕೆ ತಾವೇ ಬೆಳೆಯುತ್ತವೆ, ನಾವು ಮರೆತರೂ ಲಂಗ ಗಿಡ್ಡವಾಗಿ ನೆನಪಿಸುತ್ತವೆ. ಇಲ್ಲದ ಮಗುವನ್ನು ಬೆಳೆಸಲು ಯಾರಾದರೂ ನೆನಪಿಟ್ಟುಕೊಳ್ಳಬೇಕು. ಆಕೆ ಒಂದೇ ಒಂದು ಸಲ ಮರೆತಿದ್ದಳು, ಅಷ್ಟೆ.

ಉತ್ತರ ಬರೆಯಲು ಕೂತೆ. ಮೊದಲು ‘ಕ್ಷಮಿಸಿ, ನನಗೆ ಗೊತ್ತಿರಲಿಲ್ಲ’ ಎಂದು ಬರೆದೆ. ಬಸ್ಸಿನಲ್ಲಿ ಕಾಲು ತುಳಿದವರು ಹೇಳಿದ ಹಾಗಿತ್ತು, ಅಳಿಸಿದೆ. ಎರಡನೆಯ ಸಲ ಬರೆದದ್ದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ರಾಮನಗರದಲ್ಲಿ ಒಬ್ಬ ಒಳ್ಳೆಯ ಲೇಡಿ ಡಾಕ್ಟರ್ ಇದ್ದಾರೆ, ನನ್ನ ಚಿಕ್ಕಮ್ಮನ ಮಗಳಿಗೆ ಒಂಬತ್ತು ವರ್ಷದ ಮೇಲೆ ಆಯಿತು, ಇಂಥ ದೇವಸ್ಥಾನದಲ್ಲಿ ತೊಟ್ಟಿಲು ಕಟ್ಟಿ ಎಂದು ಅರ್ಧ ಪುಟ ಬರೆದೆ. ಆಕೆ ಇಂಥ ಸಲಹೆಗಳಿಂದ ತಪ್ಪಿಸಿಕೊಳ್ಳಲೆಂದೇ ನಮ್ಮ ಜಗಲಿಗೆ ಬಂದಿರಬೇಕು ಎಂಬುದು ಆ ಅರ್ಧ ಪುಟವಾದ ಮೇಲೆ ಹೊಳೆಯಿತು. ಅದನ್ನೂ ಅಳಿಸಿದೆ. ಕೊನೆಗೆ ‘ಯಾರಿಗೂ ಹೇಳುವುದಿಲ್ಲ, ದಯವಿಟ್ಟು ಬರೆಯಿರಿ’ ಎಂದಷ್ಟೇ ಕಳಿಸಿದೆ. ಉತ್ತರ ಬರಲಿಲ್ಲ.

ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟವಳು ಮಾರನೆಯ ಬೆಳಿಗ್ಗೆಯೇ ತಟ್ಟೆಯಲ್ಲಿ ಕೊಬ್ಬರಿ ಹಿಡಿದು ಗೌರಮ್ಮಜ್ಜಿಯ ಮುಂದೆ ನಿಂತಿದ್ದೆ. ನನ್ನ ಮುಖ ನೋಡಿಯೇ ಅಜ್ಜಿಗೆ ಗಾಬರಿಯಾಯಿತು.

“ಯಾಕವ್ವ? ಪುಟ್ಟಿ ಎಂಗವ್ಳೆ?”

“ಪುಟ್ಟಿ ಇಲ್ಲ ಅಜ್ಜಿ.”

“ಅಯ್ಯೋ ನನ್ ಕಂದಾ! ಯಾವಾಗ ಓಯ್ತು?” ಎಂದು ಅಜ್ಜಿ ಎದೆ ಬಡಿದುಕೊಂಡು ಕೂತೇಬಿಟ್ಟರು. ಅಳುವಿನ ಸದ್ದಿಗೆ ಸೊಸೆ ಓಡಿಬಂದಳು. ಹಗಲು ಮಲಗಿದ್ದವರು ಏಳುತ್ತಾರೆಂದು ನಾನು ಅಜ್ಜಿಯ ಬಾಯಿಗೆ ಕೈ ಅಡ್ಡ ಹಿಡಿದು, ಮಗು ಸತ್ತಿಲ್ಲವೆಂದೂ, ಸಾಯುವುದಕ್ಕೆ ಅದು ಹುಟ್ಟಿಯೇ ಇಲ್ಲವೆಂದೂ ವಿವರಿಸುವಷ್ಟರಲ್ಲಿ ನನಗೇ ಅಳು ಬಂದಿತ್ತು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು.

“ಇಲ್ದಿರೋ ಮಗೀಗೆ ಕೆಮ್ಮು ಎಂಗವ್ವ ಬಂತು?” ಎಂದರು.

“ಸುಳ್ಳು ಹೇಳಿದ್ರು ಅಜ್ಜಿ. ಎಲ್ಲಾರ ಮಕ್ಕಳಿಗೂ ಬಂದಿತ್ತಲ್ಲ, ಅದಕ್ಕೆ.”

ಸೊಸೆ “ಎಂಥಾ ಮೋಸಗಾತಿ!” ಎಂದಳು. ಅಜ್ಜಿ ಅವಳನ್ನು ಗದರಿಸಿದರು. “ಸುಮ್ಕಿರು ನೀನು. ನಮ್ಮ ಬೈರಾಪಟ್ಣದಾಗೆ ನಮ್ಮ ಸೋದರತ್ತೆ ಒಬ್ಳಿದ್ಲು. ಮಕ್ಳಿರ್ನಿಲ್ಲ. ತೊಟ್ಲು ಸಾಸ್ತ್ರಕ್ಕೆ ಅವ್ಳನ್ನ ಯಾರೂ ಕರೀತಿರ್ನಿಲ್ಲ. ಒಳ್ಗೆ ಎಂಗಸ್ರೆಲ್ಲ ಸೋಬಾನೆ ಏಳ್ತಿದ್ರೆ ಅವ್ಳು ಇತ್ಲು ಬಾಗ್ಲಾಗೆ ನಿಂತ್ಕಂಡು ತಾನೂ ಏಳೋಳು. ಅವ್ಳ ದನೀನೇ ಎಲ್ಲಾರ್ಗಿಂತ ಚೆಂದಾಗಿತ್ತು.” ಇನ್ನು ಹರಕೆಯ ಮಾತು ಮುಗಿಯಿತೆಂದುಕೊಂಡು ನಾನು, “ಹರಕೆ ಬೇಡ ಅಂತ ಬರ್ದವ್ರೆ ಅಜ್ಜಿ,” ಎಂದೆ.

“ಬ್ಯಾಡ ಅನ್ನಾಕೆ ಅವ್ಳ್ಯಾರು? ಒತ್ಕಂಡೋಳು ನಾನು. ಕೆಮ್ಮು ಬುಡುಸು ಅಂತ ಅಮ್ಮುನ್ನ ಕೇಳ್ದೆ, ಬುಡ್ತು ಅಂತ ನೀನೇ ಬಂದು ಏಳ್ದೆ. ಅಮ್ಮ ಅವ್ಳ ಕೆಲ್ಸ ಮಾಡವ್ಳೆ. ನಾವು ನಮ್ದು ಮಾಡ್ಬೇಕೋ ಬ್ಯಾಡ್ವೋ?”

ಮಂಗಳವಾರ ಅಜ್ಜಿ ಸೊಸೆಯನ್ನು ಒಲೆಯ ಮುಂದಿನಿಂದ ಎಬ್ಬಿಸಿ, ಎಷ್ಟೋ ತಿಂಗಳ ಮೇಲೆ ತಾವೇ ಕೂತು ಅಕ್ಕಿ ಹಿಟ್ಟು, ಬೆಲ್ಲ ಕಲೆಸಿ ತಂಬಿಟ್ಟು ಕಟ್ಟಿದರು. ತಂಬಿಟ್ಟಿನ ನಡುವೆ ಗುಳಿ ಮಾಡಿ ತುಪ್ಪದ ಬತ್ತಿ ಇಟ್ಟು, ಸುತ್ತ ಹೂವು ಸಿಕ್ಕಿಸಿ, ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಮಾರಮ್ಮನ ಗುಡಿ ಈಗ ಕಾರ್ಖಾನೆಯೊಂದರ ಕಾಂಪೌಂಡು ಗೋಡೆಗೆ ಒತ್ತಿಕೊಂಡಿದೆ. ಗೋಡೆಯಾಚೆ ಏನೋ ಯಂತ್ರ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಅದರ ಸದ್ದಿನಲ್ಲಿ ಪೂಜಾರಿ ಕಿರುಚಿಯೇ ಕೇಳಬೇಕಾಯಿತು, “ಯಾರ್ ಹೆಸ್ರಲ್ಲವ್ವಾ ಆರ್ತಿ?”

ಅಜ್ಜಿ ನನ್ನನ್ನು ಮೊಣಕೈಯಿಂದ ತಿವಿದರು. ನಾನು ಗಂಟಲು ಸರಿಮಾಡಿಕೊಂಡು, “ಪುಟ್ಟಿ,” ಎಂದೆ. ಯಂತ್ರದ ಸದ್ದಿಗೆ ಕೇಳಿಸಲಿಲ್ಲ. ಎರಡನೆಯ ಸಲ ಜೋರಾಗಿ ಕೂಗಿ ಹೇಳಿದೆ. ವರ್ಷಗಟ್ಟಲೆ ಪಿಸುಗುಟ್ಟಿಕೊಂಡೇ ಇದ್ದವಳಿಗೆ ನನ್ನ ದನಿ ಅಷ್ಟು ದೊಡ್ಡದೆಂಬುದೇ ಮರೆತುಹೋಗಿತ್ತು.

“ಮಗ ಎಲ್ಲವ್ವಾ? ಕರ್ಕಂಡ್ ಬರ್ನಿಲ್ವಾ?”

“ಬೆಂಗ್ಳೂರಲ್ಲಿ ಅವ್ಳೆ. ಇಸ್ಕೂಲ್ಗೆ ರಜಾ ಕೊಡ್ನಿಲ್ಲ,” ಎಂದರು ಅಜ್ಜಿ, ದೇವಿಯ ಮುಂದೆ, ಕಣ್ಣು ಮಿಟುಕಿಸದೆ. ಪೂಜಾರಿ ಮಗುವಿನ ಹಣೆಗೆಂದು ಕುಂಕುಮವನ್ನು ಕಾಗದದಲ್ಲಿ ಮಡಿಸಿ ಕೊಟ್ಟ. ಮನೆಗೆ ಬಂದಾಗ ಯಜಮಾನರು ಎದ್ದಿದ್ದರು. ತಂಬಿಟ್ಟು ಮುರಿದು ಬಾಯಿಗೆ ಹಾಕಿಕೊಂಡು, “ಯಾರ್ದು ಹರಕೆ?” ಎಂದರು. ಗೆಳತಿಯ ಮಗಳದ್ದು ಎಂದೆ. “ಉಸಾರಾಗವ್ಳಾ?” ಎಂದು ಕೇಳಿದರು. ಹೂಂ ಎಂದೆ.

ಆ ‘ಹೂಂ’ ನನ್ನನ್ನು ಎಲ್ಲಿಗೆ ಒಯ್ಯುತ್ತದೆಂದು ಆಗ ತಿಳಿದಿರಲಿಲ್ಲ. ಅದೇ ವಾರ ಜಗಲಿಯಲ್ಲಿ ಆದಿತ್ಯನ ಅಮ್ಮ ಲೆಕ್ಕ ಹಾಕಲು ಕೂತರು. ‘ಅಲ್ಲಾ, ಪುಟ್ಟಿ ಹೋದ ವರ್ಷವೂ ಯುಕೆಜಿ ಅಂದಿದ್ದರಲ್ಲ? ಈಗ ಮಾತೇ ಇಲ್ಲ. ಏನೋ ಇದೆ ಕಣ್ರೇ ಇದರಲ್ಲಿ’ ಎಂದು ಬರೆದರು. ಇನ್ನಿಬ್ಬರು ಹೌದು ಹೌದೆಂದು ಸೇರಿಕೊಂಡರು. ನಾನೇ ಹಚ್ಚಿದ ಕಿಡಿ. ಇನ್ನೆರಡು ದಿನ ಬಿಟ್ಟರೆ ಅವರು ಸತ್ಯವನ್ನು ಅಗೆದು ತೆಗೆಯುವುದು ಖಂಡಿತ. ಪುಟ್ಟಿ ಅಮ್ಮ ಎಲ್ಲೋ ಒಂದು ಕಡೆ ಕೂತು ಅದನ್ನೆಲ್ಲ ಓದುತ್ತಿದ್ದರೆ? ನಾನು ಟವೆಲ್ ಕಿತ್ತೆಸೆದು ಟಕಟಕನೆ ಬರೆದೆ: ‘ವಯಸ್ಸು ಸಾಲದು ಅಂತ ಶಾಲೆಯವರು ಮತ್ತೆ ಕೂರಿಸಿದ್ದಂತೆ. ನನಗೆ ಆಗಲೇ ಹೇಳಿದ್ದರು, ನಾನೇ ಮರೆತು ತಮಾಷೆ ಮಾಡಿದೆ, ತಪ್ಪು ನನ್ನದು. ಅವರು ಮನೆ ಬದಲಾಯಿಸುತ್ತಿದ್ದಾರೆ, ಇನ್ನೂ ಕಂಪ್ಯೂಟರ್ ಇಟ್ಟಿಲ್ಲ. ಫೋನಿನಲ್ಲಿ ಸಿಕ್ಕಿದ್ದರು. ಪುಟ್ಟಿ ಚೆನ್ನಾಗಿದ್ದಾಳೆ.’

ಗುಂಪು ನಂಬಿತು. ಆದರೆ ಸುಳ್ಳೆಂಬುದು ಒಂದು ಸಲ ಹೇಳಿ ಕೈತೊಳೆದುಕೊಳ್ಳುವಂಥದ್ದಲ್ಲ. ವಾರಕ್ಕೊಮ್ಮೆ ಯಾರಾದರೂ ‘ಪುಟ್ಟಿ ಹೇಗಿದ್ದಾಳೆ?’ ಎಂದು ನನ್ನನ್ನೇ ಕೇಳತೊಡಗಿದರು. ನಾನು ಹೇಳತೊಡಗಿದೆ. ಪುಟ್ಟಿಗೆ ಹೊಸ ಶಾಲೆ ಹಿಡಿಸಿತು. ಪುಟ್ಟಿ ಹುರುಳಿಕಾಯಿ ಪಲ್ಯ ಆರಿಸಿ ಆಚೆ ಇಡುತ್ತಾಳೆ. ಶಾಲೆಯ ನಾಟಕದಲ್ಲಿ ಪುಟ್ಟಿಗೆ ಮರದ ಪಾತ್ರ. ಎರಡು ಗಂಟೆ ಕೈ ಎತ್ತಿಕೊಂಡು ನಿಂತಿದ್ದಳು. ಸಿಂಚನಾಳ ಹಳೆಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪುಟ್ಟಿಗೆ ಬಂದ ಜ್ವರ, ಹಾಕಿಸಿದ ಸೂಜಿ ಎಲ್ಲವನ್ನೂ ಬರೆದಿಟ್ಟುಕೊಂಡೆ, ಇನ್ನೊಮ್ಮೆ ಯಾರೂ ಅವಳನ್ನು ಹಿಡಿಯಬಾರದೆಂದು. ಅತ್ತ ಸಿಂಚನಾಳಿಗೆ ಹಾಕಿಸಬೇಕಿದ್ದ ಸೂಜಿಯ ದಿನ ಮೀರಿಹೋಗಿ ನರ್ಸಮ್ಮನಿಂದ ಬೈಸಿಕೊಂಡು ಬಂದೆ. ಪ್ರತಿ ಸಲವೂ ಪುಟ್ಟಿಯ ಸುದ್ದಿ ಬರೆದು ಮುಗಿಸಿ ಕಾಯುತ್ತಿದ್ದೆ, ಆ ಕಡೆಯಿಂದ ಏನಾದರೂ ಬರಬಹುದೆಂದು. ಏನೂ ಬರುತ್ತಿರಲಿಲ್ಲ. ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಒಂಟಿಯಾಗಿ ಕೂತ ಹೆಂಗಸರನ್ನು ಕಂಡರೆ ಇವಳೇ ಇರಬಹುದೇ ಎಂದು ದಿಟ್ಟಿಸುತ್ತಿದ್ದೆ. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ‘ಪುಟ್ಟಿ ಅಮ್ಮ’ ಎಂದು ಕೂಗಿದರೆ ಆ ಜಿಲ್ಲೆಯ ಅರ್ಧ ಹೆಂಗಸರು ತಿರುಗಿ ನೋಡಿಯಾರು, ಆಕೆಯೊಬ್ಬಳು ತಿರುಗಲಾರಳು. ನನಗೆ ಯಾವತ್ತೂ ಅಷ್ಟು ಒಂಟಿಯೆನಿಸಿರಲಿಲ್ಲ.

ದಸರಾ ಕಳೆದ ಮೇಲೆ ಒಂದು ದಿನ, ಗುಂಪಿನಲ್ಲಿ ಯಾರದೋ ಮಗುವಿನ ಹಲ್ಲಿನ ಮಾತು ಬಂದಾಗ ನಾನೂ ಬರೆದೆ: ‘ನಮ್ಮ ಪುಟ್ಟಿಗೂ ನಿನ್ನೆ ಮೊದಲನೇ ಹಲ್ಲು ಬಿತ್ತಂತೆ. ಅವರಮ್ಮ ಫೋನ್ ಮಾಡಿದ್ದರು.’

ಅರ್ಧ ಗಂಟೆಯೂ ಆಗಿರಲಿಲ್ಲ, ನನಗೊಬ್ಬಳಿಗೇ ಒಂದು ಮೇಲ್ ಬಂತು. ಕೆಳಗೆ ಹೆಸರಿಲ್ಲ. ‘ಪುಟ್ಟಿಯ ಮೊದಲನೇ ಹಲ್ಲು ಬಿದ್ದಿದ್ದು ನಿನ್ನೆ ಅಲ್ಲ. ಸಂಕ್ರಾಂತಿಯ ಹಿಂದಿನ ದಿನ. ಕೆಳಗಿನ ಸಾಲಿನದು. ನಿಮಗೆ ಬರೆದಿದ್ದೆ.’

ಕೂಡಲೇ ಗುಂಪಿನಲ್ಲಿ ‘ಮೊದಲನೆಯದಲ್ಲ, ಎರಡನೆಯದು, ನಾನೇ ತಪ್ಪು ಕೇಳಿಸಿಕೊಂಡೆ’ ಎಂದು ತಿದ್ದಿದೆ. ಆಮೇಲೆ ಹಳೆಯ ಮೇಲುಗಳನ್ನೆಲ್ಲ ತೆಗೆದು ಸಂಕ್ರಾಂತಿಯವರೆಗೆ ಹಿಂದಕ್ಕೆ ಹೋದೆ. ಇತ್ತು. ಹಲ್ಲು ಹೇಗೆ ಅಲ್ಲಾಡುತ್ತಿತ್ತು, ಬಿದ್ದಾಗ ಪುಟ್ಟಿ ಹೇಗೆ ಹೆದರಿದಳು, ಅದನ್ನು ಸಗಣಿಯಲ್ಲಿ ಸುತ್ತಿ ಹಂಚಿನ ಮೇಲೆ ಹೇಗೆ ಎಸೆದೆವು ಎಂದು ಆ ಮಿತಭಾಷಿ ಹೆಂಗಸು ಎಂದೂ ಇಲ್ಲದಂತೆ ಒಂದು ಪುಟ ಬರೆದಿದ್ದಳು. ಅದರ ಕೆಳಗೆ ನಾನು ಬರೆದ ಉತ್ತರವೂ ಇತ್ತು. ಎರಡು ಪುಟ. ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುವಾಗ ನನ್ನ ಬೆರಳು ಕುಯ್ದದ್ದು, ಹಬ್ಬಕ್ಕೆ ಬಂದಿದ್ದ ಅತ್ತೆ ಅದಕ್ಕೆ ಏನೆಂದರು, ನಾನು ಏನೆಂದೆ, ಎಲ್ಲ ವಿವರವಾಗಿತ್ತು. ಹಲ್ಲಿನ ಬಗ್ಗೆ ಒಂದು ಮಾತೂ ಇರಲಿಲ್ಲ.